ಡೆಡ್‌ಲೈನ್ ಎಳೆದೋರು ಯಾರು?

ವರ್ಷಕ್ಕೊಂದು ಸಲವಾದರೂ ಯಾವುದಾದರೂ ಮೀಟಿಂಗ್‌ನಲ್ಲಿ ಮ್ಯಾನೇಜರ್ ಒಬ್ಬರು ಈ ಮಾತು ಹೇಳೇ ಹೇಳ್ತಾರೆ: "ಡೆಡ್‌ಲೈನ್ ಅಂದ್ರೆ ಮೊದಲು ಏನರ್ಥ ಇತ್ತು ಗೊತ್ತಾ? ದಾಟಿದ್ರೆ ಸಾವು!" ನಾವೆಲ್ಲ ನಗ್ತೀವಿ. ನನ್ನ ತಕರಾರು ಇಷ್ಟೇ: ಅವರು ಕಥೆಯನ್ನ ಅರ್ಧಕ್ಕೇ ನಿಲ್ಲಿಸ್ತಾರೆ.

ಅಮೆರಿಕದ ಅಂತರ್ಯುದ್ಧದ ಕಾಲ. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ, ಸೆರೆಸಿಕ್ಕ ಉತ್ತರದ ಸೈನಿಕರನ್ನ ಕೂಡಿಹಾಕೋಕೆ ದಕ್ಷಿಣದವರು ಒಂದು ಬಂದೀಖಾನೆ ತೆರೆದರು. ಸುತ್ತ ಮರದ ದಿಮ್ಮಿಗಳ ಗೋಡೆ. ಗೋಡೆಯಿಂದ ಸುಮಾರು 20 ಅಡಿ ಒಳಗೆ ಇನ್ನೊಂದು ಗೆರೆ. ಅದನ್ನ ಮುಟ್ಟಿದವನ ಮೇಲೆ ಕಾವಲಿನವನು ಗುಂಡು ಹಾರಿಸಬಹುದಿತ್ತು. ಅದೇ ಡೆಡ್‌ಲೈನ್, ಅಕ್ಷರಶಃ. ಒಳಗಿದ್ದ ಹಳ್ಳದಲ್ಲಿ ಕೊಂಚ ಶುದ್ಧ ನೀರಿಗೆ ಅಂತ ಗೆರೆಯಾಚೆ ಕೈಚಾಚಿದವರೂ ಗುಂಡೇಟು ತಿಂದರು ಅಂತ ಬದುಕಿ ಬಂದವರು ಹೇಳಿದ್ದಾರೆ. ಸುಮಾರು 45,000 ಕೈದಿಗಳಲ್ಲಿ ಹತ್ತಿರ ಹತ್ತಿರ 13,000 ಜನ ಅಲ್ಲೇ ಸತ್ತರು, ಬಹುಪಾಲು ಹಸಿವು ಮತ್ತು ಕಾಯಿಲೆಯಿಂದ.

ಮ್ಯಾನೇಜರ್ ಹೇಳದೇ ಬಿಡೋ ಅರ್ಧ ಇಲ್ಲಿಂದ ಶುರು. ಯುದ್ಧ ಮುಗಿದ ಮೇಲೆ ಆ ಸೆರೆಮನೆ ನಡೆಸಿದ ಹೆನ್ರಿ ವಿರ್ಜ್‌ನ ಮೇಲೆ ಮಿಲಿಟರಿ ವಿಚಾರಣೆ ನಡೀತು. ಆರೋಪಪಟ್ಟಿಯಲ್ಲಿ ಡೆಡ್‌ಲೈನ್ ಪ್ರಸ್ತಾಪ ಇದೆ: ಆ ಗೆರೆ ಎಷ್ಟೋ ಕಡೆ ಬರೀ ಕಾಲ್ಪನಿಕ, ಉಳಿದ ಕಡೆ ಅಲುಗಾಡೋ ಗೂಟಗಳ ಮೇಲೆ ಹೊಡೆದ ಪಟ್ಟಿ. ಅಂದ್ರೆ ಕಣ್ಣಿಗೆ ಕಾಣದ ಗೆರೆಗೂ ಜನ ಸತ್ತಿದ್ದರು. 1865ರ ನವೆಂಬರ್ 10ರಂದು ವಿರ್ಜ್‌ನನ್ನ ನೇಣಿಗೆ ಹಾಕಿದರು.

ಆಮೇಲೆ ಪದ ಪತ್ರಿಕಾಲಯಕ್ಕೆ ಬಂತು, ಸುದ್ದಿ ಕೊಡಬೇಕಾದ ಕೊನೆಯ ಗಳಿಗೆ ಅನ್ನೋ ಅರ್ಥ ಪಡೀತು. 1920ರಲ್ಲಿ 'ಡೆಡ್‌ಲೈನ್ ಅಟ್ ಇಲೆವೆನ್' ಅನ್ನೋ ಮೂಕಿ ಚಿತ್ರವೇ ಬಂದಿತ್ತು. ಅಲ್ಲಿ ಗಡುವಿಗೆ ಕಾರಣ ಇತ್ತು: ಪೇಪರ್ ಅಚ್ಚಾಗಬೇಕು, ಬೆಳಿಗ್ಗೆ ಓದುಗರ ಕೈಸೇರಬೇಕು. ನಮ್ಮ ಆಫೀಸುಗಳು ಪದವನ್ನ ಪತ್ರಿಕೆಯಿಂದ ತಗೊಂಡವು, ರೀತಿಯನ್ನ ಮಾತ್ರ ಆಂಡರ್ಸನ್‌ವಿಲ್‌ನಿಂದ!

ಉತ್ಪ್ರೇಕ್ಷೆ ಅನ್ಬೇಡಿ, ಗುಂಡಿಗೂ ಅಪ್ರೈಸಲ್‌ಗೂ ವ್ಯತ್ಯಾಸ ನನಗೂ ಗೊತ್ತು. ಆದರೆ ಗೆರೆ ಮಾತ್ರ ಅದೇ ಕಾಲ್ಪನಿಕ ಗೆರೆ. ಹಿಂದೊಮ್ಮೆ ಮಾರ್ಚ್ 31ರ ರಿಲೀಸ್ ಅಂತ ಟೀಮಿನ ಹುಡುಗನೊಬ್ಬ ಅಪ್ಪನ ಕಣ್ಣಿನ ಆಪರೇಷನ್ ಮುಂದೂಡಿದ. ನಾವು ಮೂರು ವಾರ ನಿದ್ದೆಗೆಟ್ವಿ. ಕೊನೆಗೆ ನೋಡಿದ್ರೆ ಕ್ಲೈಂಟ್ ಕಡೆ ಅದನ್ನ ಟೆಸ್ಟ್ ಮಾಡೋರು ಜೂನ್‌ವರೆಗೂ ಇರಲಿಲ್ಲ. ತಾರೀಖು ಎಲ್ಲಿಂದ ಬಂತು? ಯಾರೋ ಸ್ಲೈಡ್‌ನಲ್ಲಿ ಹಾಕಿದ್ರಂತೆ, ಕ್ವಾರ್ಟರ್ ಮುಗಿಯುತ್ತಲ್ಲಾ ಅಂತ.

ನಮ್ಮಲ್ಲಿ ವಾಯಿದೆ ಅಂತ ಒಂದು ಪದ ಇದೆ. ಅರಬ್ಬಿ ಮೂಲದ್ದು, ಅಲ್ಲಿ ಅದಕ್ಕೆ 'ಕೊಟ್ಟ ಮಾತು' ಅಂತ ಅರ್ಥ. ಸಾಲಗಾರರ ಕತ್ತು ಹಿಸುಕಿದ ವಾಯಿದೆಗಳೂ ಇದ್ದವು, ಹೊಗಳ್ತಿಲ್ಲ. ಆದರೂ ಮಾತು ಕೊಡೋಕೆ ಇಬ್ಬರು ಬೇಕು. ಕೇಳಿದವನು ಯಾರು, ಒಪ್ಪಿದವನು ಯಾರು ಅನ್ನೋದು ಗೊತ್ತಿರುತ್ತೆ.

ಹೋದ ಶುಕ್ರವಾರ ಇನ್ನೊಂದು ತಾರೀಖು ಹೊತ್ತ ಮೇಲ್ ಬಂತು. "ಆ ದಿನ ಇದು ಯಾರಿಗೆ ಬೇಕು?" ಅಂತಷ್ಟೇ ವಾಪಸ್ ಬರೆದೆ. ಸೋಮವಾರ ಉತ್ತರ ಬಂತು: "ವಿಚಾರಿಸಿ ಹೇಳ್ತೀನಿ."