ಗ್ರಾಫೀನ್ ಅನಿಲ ಸಂವೇದಕ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಪ್ರಯೋಗಾಲಯದ ಸಾಧನೆಯೊಂದು ಮಾರಾಟಗಾರರ ಕರಪತ್ರಕ್ಕೆ ಇಳಿಯುವಾಗ ಅದರ ಗುಣಗಳು ಉಳಿದು ಷರತ್ತುಗಳು ಕಳಚಿಹೋಗುವುದುಂಟು. ಗ್ರಾಫೀನ್ ಆಧಾರಿತ ಅನಿಲ ಸಂವೇದಕಗಳ ವಿಷಯದಲ್ಲಿಯೂ ಹೀಗಾಗುವ ಸಂಭವವಿದೆ. ಅಮೋನಿಯಾ ಬಳಸುವ ಮಂಜುಗಡ್ಡೆ ಕಾರ್ಖಾನೆ ಹಾಗೂ ಶೀತಲಗೃಹಗಳ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಸೋರಿಕೆಯಾದಾಗ ಮೊದಲು ಅಪಾಯಕ್ಕೆ ಸಿಲುಕುವವರು ಕಂಪ್ರೆಸರ್ ಕೋಣೆಯ ಕೆಲಸಗಾರರು.

2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರು ಅಂಟುಪಟ್ಟಿಯ ನೆರವಿನಿಂದ ಗ್ರಾಫೈಟಿನಿಂದ ಬೇರ್ಪಡಿಸಿದ, ಒಂದೇ ಪರಮಾಣುವಿನಷ್ಟು ದಪ್ಪವುಳ್ಳ ಇಂಗಾಲದ ಹಾಳೆಯೇ ಗ್ರಾಫೀನ್. ಇದಕ್ಕಾಗಿ ಅವರಿಗೆ 2010ರ ನೊಬೆಲ್ ಪ್ರಶಸ್ತಿ ದೊರೆಯಿತು. ಪರಮಾಣುಗಳೆಲ್ಲವೂ ಮೇಲ್ಮೈಯಲ್ಲಿಯೇ ಇರುವುದರಿಂದ, ಅನಿಲದ ಅಣು ಬಂದು ಕುಳಿತೊಡನೆ ಹಾಳೆಯ ವಿದ್ಯುತ್ ರೋಧ ಬದಲಾಗುತ್ತದೆ. 2007ರಲ್ಲಿ ಅದೇ ತಂಡವು ನೈಟ್ರೋಜನ್ ಡೈಆಕ್ಸೈಡಿನ ಒಂದೊಂದು ಅಣುವನ್ನೂ ಗುರುತಿಸಿ ತೋರಿಸಿತು. ಹಳೆಯ ತವರದ ಆಕ್ಸೈಡ್ ಸಂವೇದಕಕ್ಕೆ ಇನ್ನೂರು ಮುನ್ನೂರು ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಗ್ರಾಫೀನ್ ಕೊಠಡಿಯ ತಾಪದಲ್ಲಿಯೇ ಸ್ಪಂದಿಸುತ್ತದೆ. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಆದರೆ ನಮ್ಮ ಅಗತ್ಯವೇನು? 1948ರ ಕಾರ್ಖಾನೆಗಳ ಕಾಯಿದೆಯು ಎಂಟು ಗಂಟೆಗಳ ಕೆಲಸಕ್ಕೆ ಅಮೋನಿಯಾದ ಮಿತಿಯನ್ನು ಹತ್ತು ಲಕ್ಷದಲ್ಲಿ 25 ಭಾಗವೆಂದು ವಿಧಿಸಿತ್ತು. ಅಷ್ಟನ್ನು ಅಳೆಯಲು ಶತಕೋಟಿಯಲ್ಲಿ ಒಂದು ಭಾಗ ಹಿಡಿಯುವ ಸಾಧನ ಕೊಳ್ಳುವುದು ಅಕ್ಕಿಮೂಟೆ ತೂಗಲು ಅಕ್ಕಸಾಲಿಗನ ತಕ್ಕಡಿ ತಂದಂತೆ. ನಮಗೆ ಬೇಕಾದುದು ಅಮೋನಿಯಾವನ್ನು ಅಮೋನಿಯಾವೆಂದೇ ಗುರುತಿಸುವ ಶಕ್ತಿ. ಬರಿಯ ಗ್ರಾಫೀನಿಗೆ ಆ ವಿವೇಚನೆಯಿಲ್ಲ. ನೀರಾವಿಗೂ ಅದು ಸ್ಪಂದಿಸುತ್ತದೆ. ಮಂಗಳೂರಿನ ಆಷಾಢದ ತೇವದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಮೇಲಾಗಿ ಕುಳಿತ ಅಣುಗಳು ಸಾಮಾನ್ಯ ತಾಪದಲ್ಲಿ ಬೇಗನೆ ಬಿಟ್ಟುಹೋಗುವುದಿಲ್ಲ. ಅವನ್ನು ಓಡಿಸಲು ಕಾವನ್ನೋ ಅತಿನೇರಳೆ ಬೆಳಕನ್ನೋ ಕೊಡಬೇಕು. ಆಗ ಉಳಿತಾಯವೆಂದು ತೋರಿಸಿದ್ದ ವಿದ್ಯುತ್ತು ಪುನಃ ಖರ್ಚಿನ ಬಾಬಿಗೆ ಬರುತ್ತದೆ. ಲೋಹದ ಆಕ್ಸೈಡುಗಳನ್ನು ಬೆರೆಸಿದ ಪದರಗಳು ಈ ದೋಷಗಳನ್ನು ತಗ್ಗಿಸುತ್ತವೆ, ನಿವಾರಿಸುವುದಿಲ್ಲ.

ಕಚ್ಚಾವಸ್ತುವಿನ ಸಂಗತಿ ಇನ್ನೂ ಗಂಭೀರ. ಹತ್ತು ಪದರಗಳವರೆಗಿನದನ್ನು ಮಾತ್ರ ಗ್ರಾಫೀನ್ ಎನ್ನುವುದು ರೂಢಿ. ಅದಕ್ಕಿಂತ ದಪ್ಪನಾದುದು ಗ್ರಾಫೈಟ್. 2018ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನ 60 ಉತ್ಪಾದಕರ ಮಾಲನ್ನು ಪರೀಕ್ಷಿಸಿದಾಗ, ಬಹುತೇಕ ಮಾದರಿಗಳಲ್ಲಿ ನಿಜವಾದ ಗ್ರಾಫೀನ್ ಶೇ. 10ಕ್ಕಿಂತ ಕಡಿಮೆಯಿತ್ತು, ಶೇ. 50 ಮೀರಿದ್ದು ಒಂದೂ ಇರಲಿಲ್ಲ. ಹಾಲಿನ ದರದಲ್ಲಿ ನೀರು ಮಾರುವುದೆಂದರೆ ಇದೇ. ಖರೀದಿ ಆದೇಶದಲ್ಲಿಯೇ ಪದರಗಳ ಸಂಖ್ಯೆಯನ್ನು ನಮೂದಿಸಿ, ಪ್ರತಿ ತಂಡದ ಮಾಲಿಗೂ ರಾಮನ್ ರೋಹಿತ ಪರೀಕ್ಷೆಯ ವರದಿ ಕೇಳುವುದು ಕೊಳ್ಳುವವರ ಹಕ್ಕು.

ಸ್ವತಃ ಗ್ರಾಫೀನ್ ತಯಾರಿಕೆಗೆ ಇಳಿಯುವ ಸಾಹಸವನ್ನು ಸಣ್ಣ ಉದ್ದಿಮೆಗಳು ಮಾಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸ್ವಂತ ಸಂಶೋಧನಾ ವೆಚ್ಚಕ್ಕೆ ದೊರೆಯುತ್ತಿದ್ದ ಅಧಿಕ ತೆರಿಗೆ ಕಡಿತವೂ 2020-21ನೇ ಆರ್ಥಿಕ ವರ್ಷದಿಂದ ಇಲ್ಲವಾಯಿತು. ಸಂವೇದಕದ ಕವಚ, ಮಂಡಲ, ಅಳತೆಯ ತಿದ್ದುಪಡಿ ಸೇವೆ, ಇವುಗಳಲ್ಲಿ ನಮ್ಮವರಿಗೆ ಅವಕಾಶವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಅನಿಲ ಸಂವೇದಕಗಳ ಸಂಶೋಧನೆ ನಡೆದಿದೆ. ಅಲ್ಲಿಯವರೊಂದಿಗೆ ವಿಚಾರವಿನಿಮಯಕ್ಕೆ ವಾಣಿಜ್ಯ ಮಂಡಳಿಗಳು ಮುಂದಾಗಬಹುದು.

ಕೊಳ್ಳಲೇಬೇಕೆನ್ನುವವರು ಹಳೆಯ ಸಂವೇದಕವನ್ನು ಕಿತ್ತುಹಾಕದೆ, ಹೊಸದನ್ನು ಅದರ ಪಕ್ಕದಲ್ಲಿಯೇ ಒಂದು ಪೂರ್ಣ ಮಳೆಗಾಲ ಓಡಿಸಿ, ಎರಡರ ಅಂಕಿಗಳನ್ನೂ ಪುಸ್ತಕದಲ್ಲಿ ಬರೆದಿಟ್ಟು, ಆಮೇಲಷ್ಟೇ ಕೊನೆಯ ಕಂತಿನ ಹಣ ಪಾವತಿಸುವ ಕರಾರನ್ನು ಮಾಡಿಕೊಳ್ಳಲಿ.