ಬೋರ್ಡು ಕನ್ನಡವಾಯಿತು, ಚಾರ್ಜ್‌ಶೀಟು ಯಾವಾಗ?

ಕನ್ನಡದ ತರುಣರೇ,

ಅಂಗಡಿ ಮುಂಗಟ್ಟುಗಳ ಬೋರ್ಡಿನಲ್ಲಿ ನೂರಕ್ಕೆ ೬೦ ಭಾಗ ಕನ್ನಡ ಇರಲೇಬೇಕೆಂದು ೨೦೨೪ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅದಕ್ಕಾಗಿ ೨೦೨೩ರ ಡಿಸೆಂಬರ್ ೨೭ರಂದು ಬೆಂಗಳೂರಿನ ಬೀದಿಗಿಳಿದವರು, ಪೊಲೀಸ್ ವ್ಯಾನು ಹತ್ತಿದವರು ನಿಮ್ಮಲ್ಲೇ ಇದ್ದೀರಿ. ಬೋರ್ಡು ಬದಲಾಯಿತು, ಸಂತೋಷ. ಆದರೆ ಆ ಬೋರ್ಡಿನ ಕೆಳಗಿರುವ ಬಾಗಿಲು ದಾಟಿ ಒಳಗೆ ಹೋಗಿ ನೋಡಿದ್ದೀರಾ? ಒಳಗೆ ದುಡಿಯುವ ನಮ್ಮ ಹುಡುಗನ ಕೈಗೆ ಕೊಟ್ಟ ನೇಮಕಾತಿ ಪತ್ರ ಇಂಗ್ಲಿಷಿನಲ್ಲಿ. ಅವನ ಮೇಲೆ ಹೊರಿಸಿದ ಆಪಾದನೆ ಇಂಗ್ಲಿಷಿನಲ್ಲಿ. ಕೆಲಸದಿಂದ ಕಿತ್ತುಹಾಕಿದ ಆದೇಶವೂ ಇಂಗ್ಲಿಷಿನಲ್ಲಿ. "ಮೇಲೆ ಬರೆದದ್ದನ್ನೆಲ್ಲ ಓದಿ, ಅರ್ಥ ಮಾಡಿಕೊಂಡು ಸಹಿ ಮಾಡಿದ್ದೇನೆ" ಎಂಬ ಸಾಲು ಕೂಡ ಇಂಗ್ಲಿಷಿನಲ್ಲಿ. ಅದರ ಕೆಳಗೆ ದುಂಡಗೆ, ಅಂದವಾಗಿ, ಕನ್ನಡದಲ್ಲಿ ಅವನ ಸಹಿ!

ಈ ಸಲ ನಿಮ್ಮನ್ನು ಮೆರವಣಿಗೆಗೆ ಕರೆಯುತ್ತಿಲ್ಲ. ನಿಮ್ಮಲ್ಲಿ ಲಾ ಓದಿದವರು, ಓದುತ್ತಿರುವವರು, ಕರಿ ಕೋಟು ಹೊಲಿಸಿಕೊಂಡು ಯಾವ ಸೀನಿಯರ್ ಆಫೀಸಿನ ಮೆಟ್ಟಿಲು ಹತ್ತಲಿ ಎಂದು ಯೋಚಿಸುತ್ತಿರುವವರು ಇದ್ದೀರಲ್ಲ, ನಿಮ್ಮನ್ನು ಒಂದು ಸಮಿತಿಗೆ ಸೇರಿ ಎಂದು ಕರೆಯುತ್ತಿದ್ದೇವೆ. ಉದ್ಯೋಗ ಮತ್ತು ಕಾರ್ಮಿಕ ಕಾನೂನಿನ ವಕೀಲರ ಸಮಿತಿಗೆ. ನಿಮ್ಮ ವಕೀಲರ ಸಂಘದಲ್ಲಿ ಅಂಥದ್ದೊಂದು ಇದ್ದರೆ ಅದಕ್ಕೆ ಸೇರಿ. ಇಲ್ಲದಿದ್ದರೆ ಹತ್ತು ಜನ ಸಹಿ ಹಾಕಿ, ಅರ್ಜಿ ಕೊಟ್ಟು, ಒಂದನ್ನು ಮಾಡಿಸಿಕೊಳ್ಳಿ. ಸಮಿತಿ ಎಂದ ಕೂಡಲೇ ಕಾಫಿ ಬಿಸ್ಕತ್ತು, ಶಾಲು ಹಾರ, ಗ್ರೂಪ್ ಫೋಟೋ ನೆನಪಾಗಿ ನಗುತ್ತೀರಿ. ಗೊತ್ತು. ಅಂಥ ಸಮಿತಿಗಳ ಆಹ್ವಾನ ಪತ್ರಿಕೆ ಅಚ್ಚು ಹಾಕಿಯೇ ನಾನು ಎಷ್ಟೋ ತಿಂಗಳು ಪ್ರೆಸ್ಸಿನ ಬಾಡಿಗೆ ಕಟ್ಟಿದ್ದೇನೆ. ಆದರೂ ಹೇಳುತ್ತೇನೆ, ಇದಕ್ಕೆ ಸೇರಿ. ಯಾಕೆ ಎಂದು ಕೇಳಿ.

೧೯೪೬ರಲ್ಲಿ, ಬ್ರಿಟಿಷರು ಇನ್ನೂ ಹೊರಟಿರಲಿಲ್ಲ, ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ ಬಂತು. ಕೆಲಸದ ವೇಳೆ, ರಜೆ, ಶಿಸ್ತು, ಶಿಕ್ಷೆ, ವಜಾ, ಎಲ್ಲದರ ನಿಯಮವನ್ನೂ ಕಂಪನಿ ಬರವಣಿಗೆಯಲ್ಲಿ ಇಡಬೇಕು ಎಂದಿತು. ಅದರ ೯ನೇ ಕಲಂ ಏನು ಹೇಳಿತ್ತು ಗೊತ್ತೇ? ಆ ನಿಯಮಗಳನ್ನು ಇಂಗ್ಲಿಷಿನಲ್ಲಿ ಮತ್ತು ಕಾರ್ಮಿಕರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ, ಕಾರ್ಮಿಕರು ಓಡಾಡುವ ಬಾಗಿಲ ಬಳಿ ಎದ್ದು ಕಾಣುವಂತೆ ಹಾಕಬೇಕು ಎಂದು. ೧೯೪೮ರ ಕಾರ್ಖಾನೆಗಳ ಕಾಯ್ದೆಯ ೧೦೮ನೇ ಕಲಂ ಕೂಡ ನೋಟೀಸುಗಳ ವಿಷಯದಲ್ಲಿ ಇದನ್ನೇ ಹೇಳಿತ್ತು. ಅಂದರೆ ಕಾರ್ಮಿಕನಿಗೆ ಅವನ ಭಾಷೆಯಲ್ಲಿ ತಿಳಿಸಬೇಕು ಎಂಬುದು ಹೊಸ ಬೇಡಿಕೆಯಲ್ಲ, ಗೋಕಾಕ್ ಚಳವಳಿಗಿಂತ ಮೂವತ್ತೈದು ವರ್ಷ ಹಳೆಯ ಕಾನೂನು. ನಾವು ಬೀದಿಯಲ್ಲಿ ಕೂಗಿದ್ದೇ ಕೂಗಿದ್ದು, ಕೈಯಲ್ಲಿದ್ದ ಈ ಕಾಗದವನ್ನು ಬಿಚ್ಚಿ ನೋಡಲೇ ಇಲ್ಲ. ಎಷ್ಟು ಕಾರ್ಖಾನೆಗಳ ಗೇಟಿನಲ್ಲಿ ಆ ಕನ್ನಡ ಪ್ರತಿಯನ್ನು ನೀವು ಕಂಡಿದ್ದೀರಿ? ನನ್ನ ಪ್ರೆಸ್ಸಿಗೆ ಕಂಪನಿಗಳಿಂದ ಅಚ್ಚಿಗೆ ಬರುವುದೆಲ್ಲ ಇಂಗ್ಲಿಷ್ ಫಾರಂಗಳೇ. ಕನ್ನಡದಲ್ಲಿ ಬರುವುದು ಆಯುಧಪೂಜೆಯ ಕರಪತ್ರ ಮಾತ್ರ.

ಈಗ ಆ ಹಳೆಯ ಕಾಯ್ದೆಗಳೂ ಇಲ್ಲ. ೨೦೨೫ರ ನವೆಂಬರ್ ೨೧ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ೧೯೪೭ರ ಕೈಗಾರಿಕಾ ವಿವಾದ ಕಾಯ್ದೆ, ೧೯೨೬ರ ಕಾರ್ಮಿಕ ಸಂಘಗಳ ಕಾಯ್ದೆ, ಈ ೧೯೪೬ರ ಕಾಯ್ದೆ, ಮೂರನ್ನೂ ಕೈಗಾರಿಕಾ ಸಂಬಂಧಗಳ ಸಂಹಿತೆ ನುಂಗಿಕೊಂಡಿತು. ಹಿಂದೆ ಕೇಂದ್ರದ ಕಾಯ್ದೆಯಲ್ಲಿ ೧೦೦ ಜನ ಇದ್ದರೆ ಸ್ಟ್ಯಾಂಡಿಂಗ್ ಆರ್ಡರ್ ಬೇಕಿತ್ತು, ಈಗ ೩೦೦ ಜನ ಇರಬೇಕು. ಕೆಲಸ ಕಳೆದುಕೊಂಡವನು ನ್ಯಾಯಮಂಡಳಿಗೆ ಹೋಗಲು ಇದ್ದ ಮೂರು ವರ್ಷದ ಅವಧಿ ಎರಡಾಯಿತು. ಇನ್ನು ಭಾಷೆ? ಹಳೆಯ ಕಾಯ್ದೆ ಭಾಷೆಯ ಮಾತನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ಹೊಸ ಸಂಹಿತೆ ಅದನ್ನು ಸರ್ಕಾರ ಮಾಡುವ ನಿಯಮಗಳಿಗೆ ಬಿಟ್ಟುಬಿಟ್ಟಿದೆ. ಇಲ್ಲಿದೆ ನೋಡಿ ಗುಟ್ಟು! ಕಾಯ್ದೆ ಮಾಡಲು ಸಂಸತ್ತು ಬೇಕು, ಚರ್ಚೆ ಬೇಕು, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ನಿಯಮ ಮಾಡಲು ಒಂದು ರಾಜ್ಯಪತ್ರ ಸಾಕು. ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆ ಸಲ್ಲಿಸಲು ಇಷ್ಟು ದಿನ ಎಂದು ಗಡುವು ಕೊಡುತ್ತಾರೆ, ಗಡುವು ಮುಗಿಯುತ್ತದೆ. ಆ ದಿನಗಳಲ್ಲಿ ಆಕ್ಷೇಪಣೆ ಬರೆಯುವವರು ಯಾರು? ಮಾಲೀಕರ ಸಂಘಗಳು ಬರೆಯುತ್ತವೆ, ಅವರಿಗೆ ಅದಕ್ಕೆಂದೇ ಸಂಬಳದ ವಕೀಲರಿದ್ದಾರೆ. ದೊಡ್ಡ ಯೂನಿಯನ್ನುಗಳು ಬರೆಯುತ್ತವೆ, ಆದರೆ ಕೂಲಿ ಬೋನಸ್ಸಿನ ಗಲಾಟೆಯಲ್ಲಿ ಭಾಷೆ ಅವರಿಗೆ ಹದಿನಾರನೆಯ ಅಂಶ. ಕನ್ನಡ ಸಂಘಟನೆಗಳಿಗೆ ಕರಡು ಬಂದದ್ದೇ ಗೊತ್ತಾಗುವುದಿಲ್ಲ. ಇದನ್ನು ಕಾಯುವ ಕಣ್ಣು ಎಲ್ಲಿರಬೇಕು? ಆ ವಕೀಲರ ಸಮಿತಿಯ ಮೇಜಿನ ಸುತ್ತ ಇರಬೇಕು. ಕರಡನ್ನು ಮೊದಲು ತರಿಸಿಕೊಂಡು, ಸಾಲು ಸಾಲು ಓದಿ, ಸರ್ಕಾರಕ್ಕೆ ಅಭಿಪ್ರಾಯ ಕಳಿಸಬಲ್ಲ ಜಾಗ ಅದೇ.

ಅಲ್ಲಿ ಕೂತವನಿಗೆ ಇನ್ನೊಂದು ಸೂಕ್ಷ್ಮವೂ ತಿಳಿದಿರಬೇಕು. "ಹೆಚ್ಚಿನವರಿಗೆ ತಿಳಿಯುವ ಭಾಷೆ" ಎಂದರೆ ಕನ್ನಡ ಎಂದು ಎಲ್ಲೂ ಬರೆದಿಲ್ಲ. ೧೯೪೬ರಲ್ಲಿ ಬೆಂಗಳೂರಿನ ಗಿರಣಿಯಲ್ಲಿ ಅದಕ್ಕೊಂದು ಅರ್ಥವಿತ್ತು. ಇಂದು ಹೊಸೂರು ರಸ್ತೆಯ ಒಂದು ಕಟ್ಟಡದ ಸೈಟಿನಲ್ಲಿ ತಲೆ ಎಣಿಸಿದರೆ ಹೆಚ್ಚಿನವರು ಬಿಹಾರದವರು, ಒಡಿಶಾದವರು. ಆಗ ಅದೇ ಕಲಮಿನ ಬಲದಿಂದ ಕನ್ನಡ ಹೊರಗೆ, ಹಿಂದಿ ಒಳಗೆ! ಹಾಗೆಂದು ಆ ಒಡಿಶಾದ ಹುಡುಗನಿಗೆ ಅವನ ನುಡಿಯಲ್ಲಿ ತಿಳಿಸಬೇಡಿ ಎನ್ನುವಷ್ಟು ಕಲ್ಲೆದೆಯವರಲ್ಲ ನಾವು. ಅವನೂ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾನೆ. ನಮ್ಮ ಬೇಡಿಕೆ ನೇರವಾಗಿರಲಿ: ಕರ್ನಾಟಕದ ನೆಲದಲ್ಲಿ ಕನ್ನಡ ಕಡ್ಡಾಯ, ಅದರ ಜೊತೆಗೆ ಕೆಲಸಗಾರರ ಭಾಷೆ ಬೇರೆಯಿದ್ದರೆ ಅದೂ ಇರಲಿ. ಈ ಒಂದು ವಾಕ್ಯವನ್ನು ನಿಯಮದ ಭಾಷೆಯಲ್ಲಿ ಬಿಗಿಯಾಗಿ ಬರೆದುಕೊಡಲು ಭಾಷಣಕಾರ ಸಾಲದು, ವಕೀಲ ಬೇಕು.

ಬಿಗಿಯಾಗಿ ಬರೆಯದಿದ್ದರೆ ಏನಾಗುತ್ತದೆ ಎಂದು ನಾವೇ ಕಂಡಿದ್ದೇವೆ. ೧೯೮೩ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ ೫೮ ಶಿಫಾರಸು ಮಾಡಿತು, ಸರ್ಕಾರ ೪೫ನ್ನು ಒಪ್ಪಿತು, ಒಪ್ಪಿದ್ದೂ ಕಪಾಟು ಸೇರಿತು. ೨೦೨೪ರ ಜುಲೈನಲ್ಲಿ ಆಡಳಿತ ಹುದ್ದೆಯಲ್ಲಿ ೫೦, ಉಳಿದದ್ದರಲ್ಲಿ ೭೦ ಭಾಗ ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಟುರು ಹಾಕಿದ ಮರುಗಳಿಗೆ ತಡೆ ಬಿತ್ತು. ಹರಿಯಾಣದವರು ನಮಗಿಂತ ಮುಂದೆ ಹೋಗಿ, ತಿಂಗಳಿಗೆ ೩೦,೦೦೦ ರೂಪಾಯಿಗಿಂತ ಕಡಿಮೆ ಸಂಬಳದ ಖಾಸಗಿ ಕೆಲಸಗಳಲ್ಲಿ ೭೫ ಭಾಗ ಸ್ಥಳೀಯರಿಗೆ ಎಂದು ಕಾಯ್ದೆಯನ್ನೇ ಮಾಡಿದರು. ೨೦೨೩ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಸಂವಿಧಾನ ವಿರೋಧಿ ಎಂದು ಹೊಡೆದುಹಾಕಿತು. ನಮ್ಮ ಮಸೂದೆ ಪಾಸಾಗಿದ್ದರೂ ನಾಳೆ ಇದೇ ಪ್ರಶ್ನೆ ಎದುರಾಗುತ್ತಿತ್ತು. ಅದಕ್ಕೆ ಉತ್ತರ ಹುಡುಕಿ ಇಟ್ಟುಕೊಂಡಿರುವ ಕನ್ನಡದ ಕಾರ್ಮಿಕ ವಕೀಲರ ಪಡೆ ನಮ್ಮಲ್ಲಿ ಎಲ್ಲಿದೆ? ಮೈಕಿನ ಮುಂದೆ ನಿಲ್ಲಲು ನೂರು ಜನ ಇದ್ದೇವೆ.

ಲೇಬರ್ ಕೋರ್ಟಿನಲ್ಲಿ ಏನು ಸಿಗುತ್ತೆ ಎಂದು ಮೂಗು ಮುರಿಯುವವರಿಗೆ ಒಂದು ಹಳೆಯ ಕೇಸು ಹೇಳುತ್ತೇನೆ. ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರಿಗೆ ದುರ್ನಡತೆ ಎಂದು ದಂಡ ಹಾಕಿ ಹಣ ವಸೂಲಿ ಮಾಡಿತು. ನಮ್ಮ ಮಾತು ಕೇಳದೆ ಶಿಕ್ಷೆ ಕೊಟ್ಟರು ಎಂದು ಅವರು ೧೯೭೨ರಲ್ಲಿ ಲೇಬರ್ ಕೋರ್ಟಿಗೆ ಹೋದರು. ನಾವು ನೀರು ಕೊಡುವ ಮಂಡಳಿ, ಕೈಗಾರಿಕೆಯೇ ಅಲ್ಲ, ಈ ಕಾಯ್ದೆ ನಮಗೆ ತಾಗದು ಎಂದಿತು ಮಂಡಳಿ. ಆ ವಾದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತನಕ ಏರಿತು. ೧೯೭೮ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಜಲಮಂಡಳಿಯೂ ಕೈಗಾರಿಕೆಯೇ ಎಂದಿತು. ಅಷ್ಟೇ ಅಲ್ಲ, ದೇಶದ ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ಲಕ್ಷಾಂತರ ನೌಕರರನ್ನು ಆ ಕಾಯ್ದೆಯ ನೆರಳಿಗೆ ತಂದಿತು. ಜಲಮಂಡಳಿ ಮತ್ತು ಎ. ರಾಜಪ್ಪ ಎಂಬ ಆ ಕೇಸನ್ನು ಓದದೆ ಭಾರತದಲ್ಲಿ ಯಾರೂ ಕಾರ್ಮಿಕ ಕಾನೂನಿನ ಪರೀಕ್ಷೆ ಪಾಸು ಮಾಡಲಾರರು. ಅದನ್ನು ಮತ್ತೆ ಪರಿಶೀಲಿಸಲು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬೇಕು ಎಂದು ೨೦೧೭ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು ಎಂದರೆ ಅದರ ತೂಕ ಊಹಿಸಿ. ಹುಟ್ಟಿದ್ದು ನಮ್ಮ ಊರಿನ ಲೇಬರ್ ಕೋರ್ಟಿನಲ್ಲಿ, ಸ್ವಾಮಿ!

ಇನ್ನೊಂದು ಹೆಮ್ಮೆಯ ಮಾತೂ ಇದೆ. ವಜಾ ಆದವನು ಸರ್ಕಾರದ ಶಿಫಾರಸಿಗೆ ಕಾಯದೆ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದು ಎಂದು ಕರ್ನಾಟಕ ೧೯೮೮ರಲ್ಲೇ ತನ್ನದೇ ತಿದ್ದುಪಡಿ ಮಾಡಿಕೊಂಡಿತ್ತು. ದೆಹಲಿಗೆ ಆ ಬುದ್ಧಿ ಬಂದದ್ದು ೨೦೧೦ರಲ್ಲಿ.

ಈಗ ವಕೀಲರ ವಿಷಯ. ಕೈಗಾರಿಕಾ ವಿವಾದ ಕಾಯ್ದೆಯ ೩೬ನೇ ಕಲಂ ವಿಚಿತ್ರವಾಗಿತ್ತು. ಸಂಧಾನದಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. ಕೋರ್ಟಿನಲ್ಲೂ ಎದುರು ಪಕ್ಷ ಒಪ್ಪಿ, ಕೋರ್ಟು ಅನುಮತಿ ಕೊಟ್ಟರೆ ಮಾತ್ರ ವಕೀಲ ನಿಲ್ಲಬಹುದು. ಬಡ ಕಾರ್ಮಿಕನ ಎದುರು ಮಾಲೀಕ ದೊಡ್ಡ ವಕೀಲನನ್ನು ತಂದು ನಿಲ್ಲಿಸಬಾರದು ಎಂಬುದು ಉದ್ದೇಶ. ಆದರೆ ವಕೀಲನೇ ಮಾಲೀಕರ ಸಂಘದ ಪದಾಧಿಕಾರಿಯಾಗಿದ್ದರೆ ಯಾರ ಒಪ್ಪಿಗೆಯೂ ಬೇಕಿಲ್ಲ ಎಂದು ೧೯೭೬ರಲ್ಲಿ ಪಾರಾದೀಪ್ ಬಂದರಿನ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೇಲಿಯಲ್ಲಿ ಕಿಂಡಿ ಬಿತ್ತು. ಕಾರ್ಮಿಕರ ಯೂನಿಯನ್ ಪದಾಧಿಕಾರಿಗೂ ಅದೇ ಕಿಂಡಿ ಇದೆ, ಆದರೆ ಯೂನಿಯನ್ನಿನಲ್ಲಿ ಲಾ ಓದಿದ ಪದಾಧಿಕಾರಿಗಳು ಎಷ್ಟು ಮಂದಿ? ಒಪ್ಪಿಗೆಯ ಷರತ್ತು ಹೊಸ ಸಂಹಿತೆಯಲ್ಲೂ ಉಳಿದಿದೆ. ಆದ್ದರಿಂದ ಲಾ ಓದಿದ ತರುಣರೇ, ಸಮಿತಿಯ ಸದಸ್ಯತ್ವದ ಜೊತೆಗೆ ಒಂದು ಯೂನಿಯನ್ನಿನ ಪದಾಧಿಕಾರಿತ್ವವನ್ನೂ ಹೊತ್ತುಕೊಳ್ಳಿ.

ಅಂಥ ಸಮಿತಿಯಲ್ಲಿ ಮ್ಯಾನೇಜ್‌ಮೆಂಟ್ ಕಡೆಯ ವಕೀಲರೇ ತುಂಬಿರುತ್ತಾರಲ್ಲ ಎಂದು ಕೇಳುತ್ತೀರಿ. ಇರಲಿ ಬಿಡಿ. ಅಮೆರಿಕದ ವಕೀಲರ ಸಂಘದಲ್ಲಿ ಕಾರ್ಮಿಕ ಕಾನೂನಿನ ವಿಭಾಗದವರು ಮಾಲೀಕರ ಕಡೆಯವರನ್ನೂ ಯೂನಿಯನ್ ಕಡೆಯವರನ್ನೂ ಒಂದೇ ಸಮಿತಿಯಲ್ಲಿ ಕೂರಿಸುತ್ತಾರೆ. ಅಷ್ಟು ಸಾಲದೆಂದು ನೌಕರರ ಪರ ವಕೀಲರು ೧೯೮೫ರಲ್ಲಿ ತಮ್ಮದೇ ಬೇರೆ ಸಂಘವನ್ನೂ ಕಟ್ಟಿಕೊಂಡರು. ಎರಡೂ ಆಗಲಿ. ಎದುರಾಳಿಯ ವಾದವನ್ನು ಕೋರ್ಟಿನಲ್ಲಿ ಮೊದಲ ಸಲ ಕೇಳುವುದಕ್ಕಿಂತ ಸಮಿತಿಯಲ್ಲಿ ಮೊದಲೇ ಕೇಳಿಸಿಕೊಳ್ಳುವುದು ಒಳ್ಳೆಯದು.

ಕಾನೂನಿಗೆ ಕನ್ನಡದಲ್ಲಿ ಪದವಿಲ್ಲ ಎಂಬ ಹಳೇ ರಾಗವನ್ನು ಅಲ್ಲೂ ಎಳೆಯುತ್ತಾರೆ. ಮುಷ್ಕರ, ಬೀಗಮುದ್ರೆ, ಅಮಾನತು, ವಜಾ, ಬಟವಾಡೆ, ರಾಜಿ, ಸಂಧಾನ, ಪರಿಹಾರ. ಪಿಯುಸಿ ಓದಿದ ನನಗೇ ಗೊತ್ತಿರುವ ಈ ಪದಗಳು ಎಂಟು ವರ್ಷ ಪ್ರಾಕ್ಟೀಸ್ ಮಾಡಿದವರಿಗೆ ಗೊತ್ತಿಲ್ಲವೇ? ಹೈಕೋರ್ಟಿನ ಭಾಷೆ ಇಂಗ್ಲಿಷ್ ಎಂದು ಸಂವಿಧಾನದ ೩೪೮ನೇ ವಿಧಿ ಹೇಳುತ್ತದೆ, ಸರಿ. ಆದರೆ ಅದೇ ವಿಧಿಯ ದಾರಿಯಲ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಿಗೆ ಹಿಂದಿ ಬಂದಿದೆ. ಅದು ದೊಡ್ಡ ಹೋರಾಟ, ಇನ್ನೊಂದು ಸಂಚಿಕೆಗೆ ಇರಲಿ. ಕೆಳಗಿನ ಕೋರ್ಟು, ನ್ಯಾಯಮಂಡಳಿಗಳಲ್ಲಿ ಕನ್ನಡಕ್ಕೆ ಯಾವ ಅಡ್ಡಿ? ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೇ ಅಲ್ಲಿ ಕನ್ನಡದ ಬಳಕೆಯ ಮಾತಾಡುತ್ತದೆ. ಕೇಂದ್ರದ ಕಾನೂನುಗಳಿಗೆ ರಾಜ್ಯ ಭಾಷೆಗಳಲ್ಲಿ ಅಧಿಕೃತ ಪಠ್ಯ ಹೊರಡಿಸಲು ೧೯೭೩ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ನಾಲ್ಕೂ ಸಂಹಿತೆಗಳ ಅಧಿಕೃತ ಕನ್ನಡ ಪಠ್ಯ ಪ್ರತಿ ಕಾರ್ಖಾನೆಯ ಗೇಟಿಗೆ ಮುಟ್ಟಬೇಕು ಎಂಬುದು ಸಮಿತಿಗೆ ನೀವು ಕೊಡುವ ಮೊದಲ ಅರ್ಜಿಯಾಗಲಿ.

ಕಾಗದ ಓದಲಾಗದೆ ಹೋದರೆ ಬೀದಿಯೇ ಕೋರ್ಟಾಗುತ್ತದೆ. ೨೦೧೬ರ ಫೆಬ್ರವರಿಯಲ್ಲಿ ದೆಹಲಿ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು ೫೮ ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ ೧೮, ೧೯ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಸರ್ಕಾರ ನಿಯಮವನ್ನು ವಾಪಸ್ ತೆಗೆದುಕೊಂಡಿತು, ದೇಶಕ್ಕೆಲ್ಲ ಅದರಿಂದ ಲಾಭವಾಯಿತು. ಕೇಸು ಬಿದ್ದದ್ದು ಮಾತ್ರ ನಮ್ಮ ಊರಿನ ಬಡವರ ಮೇಲೆ. ಆ ಅಕ್ಕತಂಗಿಯರಿಗೆ ಫೆಬ್ರವರಿಯಲ್ಲೇ ಕನ್ನಡದಲ್ಲಿ ವಿವರಿಸಿ, ಅವರ ಪರವಾಗಿ ಆಕ್ಷೇಪಣೆ ಬರೆದುಕೊಡುವ ಹತ್ತು ವಕೀಲರು ಇರಬೇಕಿತ್ತು.

ಸೇರುವುದು ಹೇಗೆ? ಮೊದಲು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಅದಕ್ಕೆ ಸಾವಿರಾರು ರೂಪಾಯಿ ಕೇಳುತ್ತಾರೆ ಎಂದು ಹೆದರಿ ಕೂತಿದ್ದೀರಾದರೆ ಕೇಳಿ: ಸಾಮಾನ್ಯ ವರ್ಗದವರಿಗೆ ೭೫೦, ಪರಿಶಿಷ್ಟ ಜಾತಿ ಪಂಗಡದವರಿಗೆ ೧೨೫ ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೨೪ರ ಜುಲೈ ೩೦ರಂದು ಹೇಳಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, ನಂತರ ನಿಮ್ಮ ಊರಿನ ವಕೀಲರ ಸಂಘದ ಸದಸ್ಯತ್ವ, ಅಲ್ಲಿಂದ ಸಮಿತಿ. ಇನ್ನೂ ಓದುತ್ತಿರುವವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಅಲ್ಲಿಗೆ ದೂರು ತಂದವರ ಜೊತೆ ಕೂತು ಮಾತಾಡಿ. ಲಾ ಓದದೆ ಕಾರ್ಖಾನೆ, ಕಂಪನಿ, ಮಾಲ್‌ಗಳಲ್ಲಿ ದುಡಿಯುವ ಓದುಗರು ಒಂದು ಕೆಲಸ ಮಾಡಿ. ನಿಮ್ಮ ನೇಮಕಾತಿ ಪತ್ರ, ನಿಮಗೆ ಬಂದ ಮೆಮೊ, ಚಾರ್ಜ್‌ಶೀಟು, ಏನಿದ್ದರೂ ಒಂದು ಜೆರಾಕ್ಸ್ ಮಾಡಿಸಿ, ಹೆಸರು ಮತ್ತು ಟೋಕನ್ ನಂಬರಿನ ಮೇಲೆ ಮಸಿ ಬಳಿದು ಪತ್ರಿಕೆಗೆ ತಲುಪಿಸಿ. ಗೇಟಿನಲ್ಲಿ ಕನ್ನಡದ ನಿಯಮ ಪ್ರತಿ ಇದೆಯೋ ಇಲ್ಲವೋ ಎಂದು ಹಿಂಬದಿಯಲ್ಲಿ ಬರೆಯಿರಿ. ಬಂದದ್ದನ್ನೆಲ್ಲ ಜೋಡಿಸಿ, ಹೊಲಿದು, ಸಮಿತಿ ಸೇರುವ ಮೊದಲ ತರುಣನ ಕೈಗೆ ಕೊಡುತ್ತೇವೆ. ಬೈಂಡಿಂಗ್ ಖರ್ಚು ನಮ್ಮದು.