ದೀರ್ಘಾಯುಷ್ಯವೂ ಆರೋಗ್ಯವೂ



ಹೆಣ್ಣುಮಕ್ಕಳನ್ನು "ನೂರು ಕಾಲ ಬಾಳು" ಎಂದು ಹರಸುವುದು ನಮ್ಮ ನಾಡಿನ ಹಿರಿಯರ ವಾಡಿಕೆ. ಹಾರೈಕೆಯೇನೋ ಒಳ್ಳೆಯದೇ. ಆದರೆ ಬಾಳಿದ ವರುಷಗಳೆಷ್ಟೆಂದು ಎಣಿಸುವ ನಾವು, ಅವುಗಳಲ್ಲಿ ರೋಗವಿಲ್ಲದೆ ಬಾಳಿದವೆಷ್ಟೆಂದು ಕೇಳುವುದು ಅಪರೂಪ. ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

1970–75ರ ಅವಧಿಯಲ್ಲಿ ಭಾರತದ ಪುರುಷರ ಸರಾಸರಿ ಆಯುರ್ಮಾನ 50.5 ವರುಷ, ಸ್ತ್ರೀಯರದು 49 ವರುಷ. ಆ ಅನ್ಯಾಯವು ಈಗ ನೀಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2019ರಲ್ಲಿ ಪುರುಷರ ಆಯುರ್ಮಾನ 69.5, ಸ್ತ್ರೀಯರದು 72.2. ಆದರೆ ಪೂರ್ಣಾರೋಗ್ಯದಿಂದ ಕಳೆಯುವ ವರುಷಗಳಾದರೋ ಪುರುಷರಿಗೆ 60.3, ಸ್ತ್ರೀಯರಿಗೆ 60.4. ಎಂದರೆ ಸ್ತ್ರೀಗೆ ಹೆಚ್ಚಾಗಿ ದೊರೆತ ಆಯುಸ್ಸೆಲ್ಲವೂ ಹೆಚ್ಚುಕಡಮೆ ನರಳಾಟದಲ್ಲಿಯೇ ಕಳೆದುಹೋಗುತ್ತದೆ. ತಂಬಾಕು, ಮದ್ಯ, ರಸ್ತೆಯ ಅಪಘಾತ ಇವು ಪುರುಷರನ್ನು ಅಕಾಲದಲ್ಲಿ ಕೊಂಡೊಯ್ಯುತ್ತವೆ. ರಕ್ತಹೀನತೆ, ಕೀಲುನೋವು, ಮನೋವ್ಯಥೆ ಇವು ಸ್ತ್ರೀಯರನ್ನು ಕೊಲ್ಲದೆ ಬಹುಕಾಲ ಬಾಗಿಸುತ್ತವೆ.

"ಹೆಂಗಸಿನ ಮೈಯೇ ಅಂಥದು" ಎಂದು ಕೆಲವರು ಸಮಾಧಾನ ಹೇಳುವುದುಂಟು. ಇಂಥ ಮಾತು ಬೇರೆಡೆಯಲ್ಲಿಯೂ ಕೇಳಿಬಂದದ್ದೇ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2019ರಲ್ಲಿ ಬಿಳಿಯರ ಆಯುರ್ಮಾನ 78.8 ವರುಷವಿದ್ದರೆ ಕಪ್ಪು ಜನಾಂಗದವರದು 74.8. ಇದು ರಕ್ತದ ಗುಣವೆಂದು ವಾದಿಸಿದವರು ಒಂದು ಕಾಲದಲ್ಲಿ ಇದ್ದರು. ಬಡತನ, ವಸತಿಯಲ್ಲಿ ಭೇದ, ಚಿಕಿತ್ಸೆಯಲ್ಲಿ ತಾರತಮ್ಯ ಇವೇ ಮುಖ್ಯ ಕಾರಣಗಳೆಂದು ಇಂದು ವಿದ್ವಾಂಸರು ತೋರಿಸಿದ್ದಾರೆ. ಮನುಷ್ಯರು ಮಾಡಿದ ಭೇದವನ್ನು ಸೃಷ್ಟಿಕರ್ತನ ಮೇಲೆ ಹೊರಿಸುವುದು ನಮಗೂ ಸಲ್ಲದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವರುಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಪುರುಷರಲ್ಲಿ 25 ಮಂದಿ. ಕರ್ನಾಟಕದ ಸ್ತ್ರೀಯರಲ್ಲಿ ಸುಮಾರು 48. ಮುಟ್ಟು, ಬಸಿರು, ಹೆರಿಗೆಗಳಿಂದ ಸ್ತ್ರೀಗೆ ರಕ್ತವ್ಯಯ ಹೆಚ್ಚೆಂಬುದು ನಿಜ. ಆದುದರಿಂದಲೇ ಅವಳಿಗೆ ಹೆಚ್ಚು ಪುಷ್ಟಿ ಬೇಕು. ನಮ್ಮ ಅನೇಕ ಮನೆಗಳಲ್ಲಿಯಾದರೋ, ಎಲ್ಲರೂ ಉಂಡ ಬಳಿಕ ಪಾತ್ರೆಯ ತಳದಲ್ಲಿ ಉಳಿದದ್ದೇ ಅವಳ ಪಾಲು. ಬರಿಯ ಕಾಫಿ ಕುಡಿದು ಶಾಲೆಗೆ ಬಂದು, ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಕುಳಿತುಬಿಡುವ ಬಾಲೆಯರನ್ನು ನಾನು ಕಂಡಿದ್ದೇನೆ. ಪಾಠ ಅವರ ತಲೆಗೆ ಹತ್ತದಿದ್ದರೆ ದೋಷ ಬುದ್ಧಿಯದಲ್ಲ.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವು ನಿಮಗೆಲ್ಲ ನೆನಪಿರಬಹುದು. ಅಲ್ಲಿ ಹನ್ನೆರಡು ವರುಷ ರಕ್ತಸ್ರಾವದಿಂದ ಬಳಲಿ, ಇದ್ದ ಹಣವನ್ನೆಲ್ಲ ವೈದ್ಯರಿಗೆ ತೆತ್ತ ಸ್ತ್ರೀಯೊಬ್ಬಳು ಗುಣಹೊಂದುತ್ತಾಳೆ. ಹನ್ನೆರಡು ವರುಷದ ಯಾಯೀರನ ಮಗಳು ಸಾವಿನಿಂದ ಏಳುತ್ತಾಳೆ. ಆಕೆಯನ್ನು ಎಬ್ಬಿಸಿದ ಕರ್ತನು ಆ ಮನೆಯವರಿಗೆ ಕೊಟ್ಟ ಅಪ್ಪಣೆ ಬಹು ಸರಳವಾದುದು: ಮಗುವಿಗೆ ಉಣ್ಣಲು ಕೊಡಿರಿ ಎಂಬುದು. ಜೀವದಾನದ ಜೊತೆಗೆ ಅನ್ನದಾನವೂ ಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ಕಲಿಸಿಯಾರು?

ಪೋಷಕರಲ್ಲಿ ನನ್ನ ಅರಿಕೆಯಿಷ್ಟು. ಮಗನಿಗೆ ಬಡಿಸಿದಷ್ಟೇ ರಾಗಿ, ಬೇಳೆಕಾಳು, ಸೊಪ್ಪು, ಮೊಟ್ಟೆಗಳನ್ನು ಮಗಳಿಗೂ ಬಡಿಸಿರಿ. ಊಟದೊಡನೆ ಚಹಾ ಕಾಫಿಗಳನ್ನು ಕೊಡಬೇಡಿರಿ. ಅವು ಕಬ್ಬಿಣಾಂಶವು ದೇಹಕ್ಕೆ ಸೇರದಂತೆ ತಡೆಯುತ್ತವೆ. ನಿಂಬೆ, ನೆಲ್ಲಿ, ಸೀಬೆಗಳು ಸೇರುವಂತೆ ನೆರವಾಗುತ್ತವೆ. ಹುಡುಗಿಯರಿಗೆ ಸರ್ಕಾರದವರು ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಬಿಸಾಡದೆ, ಊಟದ ಬಳಿಕ ನುಂಗುವಂತೆ ನೋಡಿಕೊಳ್ಳಿರಿ.

ಪೂರ್ವ ವಿದ್ಯಾರ್ಥಿನಿಯರೇ, ನಿಮಗೆ ನನ್ನ ಮಾತು ಇನ್ನೂ ಕಠಿನವಾದುದು. ಮನೆಯವರೊಡನೆ ಕುಳಿತು ಉಣ್ಣಿರಿ. ಮುಟ್ಟಿನ ಸ್ರಾವ ಅತಿಯಾದರೆ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸಿರಿ. ನಿಮ್ಮ ಸೊಸೆಯಂದಿರಿಗೂ ಕೆಲಸದ ಹೆಂಗಸಿಗೂ ಇದೇ ನ್ಯಾಯವಿರಲಿ. ತಾನು ಹಸಿದಿದ್ದು ಇತರರಿಗೆ ಉಣಿಸುವುದು ತ್ಯಾಗವೆಂದು ನೀವು ಕೇಳಿ ಬೆಳೆದಿದ್ದೀರಿ. ಹಬ್ಬಕ್ಕೊಮ್ಮೆ ಬರಗಾಲಕ್ಕೊಮ್ಮೆ ಅದು ತ್ಯಾಗವಾದೀತು. ದಿನಂಪ್ರತಿಯಾದರೆ, ಅದನ್ನು ನೋಡಿ ಕಲಿಯುವ ಮಗಳಿಗೆ ಮಾಡಿದ ಅಪಕಾರವೇ ಸರಿ.

ನಿಮ್ಮ ಆಯುಸ್ಸು ದೀರ್ಘವಾಗಲಿ. ಅದರ ಕಡೆಯ ದಿನಗಳೂ ಬಲವುಳ್ಳವಾಗಿರಲಿ ಎಂದು ದೇವರಲ್ಲಿ ಪ್ರಾರ್ಥಿಸುತ್ತೇನೆ.

— ಮುಖ್ಯೋಪಾಧ್ಯಾಯಿನಿ